ಬಾಯಿ ಮೇಲಾದ ಗೂಡುಗಳು

ನಮ್ಮ ಹಳೇ ಬಾವಿಯ ಮೇಲೆ ಬಾಗಿದ್ದ ಜಾಲಿಮರ ನೋಡಿ ಜಿಗಣಿ ಊರಿಗೆ ಊರೇ ನಗುತ್ತಿತ್ತು. "ಕಡಿದು ಬಾಡಿಗೆ ರೂಮು ಕಟ್ಟಿಸು ವನಜಾ, ಮುಳ್ಳು ಸಾಕ್ಕೊಂಡು ಕೂತಿದ್ದೀಯಲ್ಲ" ಎಂದು ಎಲ್ಲರದೂ ಬುದ್ಧಿವಾದ. ಪ್ರತಿ ಮುಂಗಾರಿಗೆ ಅದರಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಕಡಿಸಲು ನನಗೆ ಮನಸ್ಸಿರಲಿಲ್ಲ, ಅಷ್ಟೇ.

2012ರಲ್ಲಿ ಪಕ್ಕದ ಕಾರ್ಖಾನೆಯ ಪರಿಸರ ಅಧಿಕಾರಿ ಪರಮಾನಂದ ಬಂದ. ಊರಿನ ಹೊಸ ನಕ್ಷೆಯಲ್ಲಿ ನನ್ನ ಅರ್ಧ ಎಕರೆಗೆ ಹಸಿರು ಬಳಿದಿದ್ದಾರಂತೆ. ಹಕ್ಕಿಗಳ ಸಮೇತ ಹಾಗೇ ಉಳಿಸಿದರೆ ನನಗೆ ವರ್ಷಕ್ಕಿಷ್ಟು ಹಣ, ಅವರಿಗೆ ಕಾರ್ಖಾನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸುವ ಹಕ್ಕು. "ಒಂದು ಮುಳ್ಳೂ ಮುಟ್ಟಲ್ಲ ಮೇಡಂ" ಎಂದ. ಹಕ್ಕಿಗಳು ಬದುಕಿಕೊಂಡವು ಎಂದು ರುಜು ಹಾಕಿದೆ. ನನ್ನ ಬುದ್ಧಿಗಿಷ್ಟು!

ಆ ಮುಂಗಾರಿನಲ್ಲೇ ಒಂದು ಶನಿವಾರ ಆನೇಕಲ್ಲಿಗೆ ಮದುವೆಗೆ ಹೋದವಳು, ಹಕ್ಕಿಗಳನ್ನು ಎಣಿಸಲು ಸರ್ಕಾರದವರ ತಪಾಸಣೆಯಿದೆಯೆಂದು ಸೋಮವಾರ ಬೆಳಿಗ್ಗೆಯೇ ಓಡಿಬಂದೆ. ಜಾಲಿ ಇರಲಿಲ್ಲ. ಸಾಹೇಬರು ಬರುತ್ತಾರೆಂದರೆ ಈ ಕಾರ್ಖಾನೆಯ ಜನಕ್ಕೆ ಗೊತ್ತಿರುವುದು ಒಂದೇ: ಗುಡಿಸು, ಸುಣ್ಣ ಬಳಿ. ಬಾವಿಕಟ್ಟೆಗೆ ಸುಣ್ಣ, ದಾರಿಯ ಕಲ್ಲಿಗೂ ಸುಣ್ಣ. ಹೊಸದಾಗಿ ನೆಟ್ಟ ಅಶೋಕದ ಗಿಡಗಳಿಗೆ ಹದಿನಾಲ್ಕು ಗೂಡುಗಳನ್ನು ತಂತಿಯಲ್ಲಿ ಬಿಗಿದಿದ್ದರು, ಬಾಯಿ ಮೇಲೆ ಮಾಡಿ! ಗೀಜಗದ ಗೂಡಿಗೆ ಬಾಗಿಲು ಕೆಳಗಿರುತ್ತದೆ ಎಂಬುದೂ ಆ ಪರಿಸರ ಪಂಡಿತನಿಗೆ ಗೊತ್ತಿಲ್ಲ. ಹೂಕುಂಡ ಅಂದುಕೊಂಡಿರಬೇಕು, ದರಿದ್ರದವನು.

"ನಾ ಬ್ಯಾಡಂದೆನ್ರೀ ಅಕ್ಕಾರ," ಎಂದ ಕಾರ್ಖಾನೆಯ ತೋಟದಾಳು, ಗದಗಿನ ಕಡೆಯ ಗದಿಗೆಪ್ಪ, ತಲೆ ತಗ್ಗಿಸಿ. "ಒಳಗ ಮರಿ ಅದಾವು, ಹದಿನೈದ್ ದಿನ ತಡೀರಿ, ಹಾರಿ ಹೊಕ್ಕಾವು ಅಂದೆ. 'ನೀನೇನ್ ಸೈಂಟಿಸ್ಟಾ' ಅಂದ್ರು."

ಅಷ್ಟರಲ್ಲಿ ತಪಾಸಣೆಯ ಸಾಹೇಬರ ಜೀಪು ಬಂತು. ಮರವಿಲ್ಲದ ಬಾವಿಯ ಮೇಲೆ ಹಕ್ಕಿಗಳು ಗಿರಗಿರನೆ ಸುತ್ತುತ್ತ ಕಿರುಚುತ್ತಿದ್ದವು.

"ಎಷ್ಟು ಖುಷಿಯಾಗಿವೆ ನೋಡ್ರೀ," ಎಂದರು ಸಾಹೇಬರು. ಪರಮಾನಂದ ಹಲ್ಲು ಕಿರಿದ. "ಗೂಡು ಹದಿನಾಲ್ಕು. ಮರಿ ಎಷ್ಟು ಅಂತ ಬರೀಬೇಕಲ್ಲ?" ಎಂದರು ಸಾಹೇಬರು.

ನಾನು ಒಂದು ಗೂಡಿನ ತಂತಿ ಕಿತ್ತು ಅವರ ಮುಂದೆ ಹಿಡಿದೆ. "ತಗೊಳ್ಳಿ ಸಾರ್, ಕೈ ಹಾಕಿ ಎಣಿಸ್ಕೊಳ್ಳಿ!"

ಹಾಕಿದರು. ಅಂಗೈಗೆ ಬಂದದ್ದು ರೆಕ್ಕೆ ಬಲಿಯದ ಮೂರು ಸತ್ತ ಮರಿ, ಮೈತುಂಬ ಇರುವೆ. "ಥೂ! ನೀರು ಕೊಡ್ರೀ!" ಎಂದು ಕೊಡವಿದರು. ಪರಮಾನಂದ ಬಾಟಲಿ ಹಿಡಿದು ಓಡಿಬಂದ. ಗದಿಗೆಪ್ಪ ಮರಿಗಳನ್ನು ಹೆಕ್ಕಿ ಟವೆಲ್ಲಿನಲ್ಲಿ ಇಟ್ಟುಕೊಂಡ.

ಸಾಹೇಬರು ಉಜ್ಜಿ ಉಜ್ಜಿ ಕೈ ತೊಳೆದು, ಕರ್ಚೀಫಿನಲ್ಲಿ ಒರೆಸಿಕೊಂಡು, ಫೈಲು ತೆರೆದರು.

"ಗೂಡಿಗೆ ಮೂರು. ನಲವತ್ತೆರಡು ಅಂತ ಬರ್ಕೊಳ್ಳಿ," ಎಂದು ಸಹಿ ಹಾಕಿದರು.