ಗೂಬೆಮರಿ ಹಾಕಿಕೊಂಡ ಕನ್ನಡಕಗಳು

ಬೀದಿಯವರೆಲ್ಲ ಅವನನ್ನು ಕನ್ನಡಕದಣ್ಣ ಎಂದೇ ಕರೆಯುತ್ತಿದ್ದರು. ಕೆಳಗೆ ಕನ್ನಡಕದ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಮಾರುವ ಹೊಸ ಕನ್ನಡಕಗಳಿದ್ದರೆ, ಮೇಲಿನ ಕೋಣೆಯ ಗಾಜಿನ ಬೀರುವಿನಲ್ಲಿ ಮಾರಲಾರದ ಹಳೆಯವಿದ್ದವು. ಕಿವಿಯ ಸುತ್ತ ತಂತಿ ಸುತ್ತಿಕೊಳ್ಳುವ ದುಂಡು ಕನ್ನಡಕ, ಕಡ್ಡಿಯೇ ಇಲ್ಲದೆ ಮೂಗನ್ನು ಕಚ್ಚಿ ಕೂರುವಂಥದ್ದು, ರೈಲು ಎಂಜಿನ್ನಿನವರು ಕೆಂಡದ ಕಿಡಿ ತಡೆಯಲು ಹಾಕುತ್ತಿದ್ದ, ಪಕ್ಕ ಮುಚ್ಚಿದ ಕಪ್ಪು ಗಾಜಿನದು. ಹರಾಜು, ಗುಜರಿ ಅಂಗಡಿ, ಯಾರದೋ ಅಜ್ಜನ ಪೆಟ್ಟಿಗೆ ಎಂದು ಅಲೆದು ಅವನು ಕೂಡಿಸಿಟ್ಟ ಆಸ್ತಿ.

ಒಂದು ದಿನ ಸಂಗ್ರಹಾಲಯದಲ್ಲಿ ಕೆಲಸ ಮಾಡುವ ಮೇಡಂ ಒಬ್ಬರು ತಮ್ಮ ಕನ್ನಡಕದ ಸ್ಕ್ರೂ ಬಿಗಿ ಮಾಡಿಸಿಕೊಳ್ಳಲು ಬಂದರು. ಮಾತಿಗೆ ಮಾತು ಬಂದು ಬೀರುವಿನ ವಿಷಯ ಎದ್ದಿತು. ಮೇಲೆ ಹೋಗಿ ನೋಡಿದವರು ಅಲ್ಲಿಂದ ಕದಲಲೇ ಇಲ್ಲ.

"ಇಷ್ಟನ್ನೂ ನಮಗೆ ಕೊಡ್ತೀರಾ? ಇವಕ್ಕೆ ಅಂತಲೇ ಒಂದು ಕೋಣೆ ಬಿಡ್ತೀವಿ" ಎಂದರು.

ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ ಕನ್ನಡಕದಣ್ಣ ಬೀಗದ ಕೈ ಜೇಬಿಗೆ ಹಾಕಿಕೊಂಡು ನಕ್ಕುಬಿಡುತ್ತಿದ್ದ. ಈಗ, "ತಗೊಂಡು ಹೋಗಿ. ನಮ್ಮಿಬ್ಬರ ನಂತರ ಇವನ್ನ ನೋಡ್ಕೊಳ್ಳೋರು ಯಾರೂ ಇಲ್ಲ" ಎಂದ.

"ಒಂದು ಪಟ್ಟಿ ಬೇಕಾಗುತ್ತೆ ಸಾರ್. ಪ್ರತಿಯೊಂದಕ್ಕೂ ಒಂದು ಫೋಟೋ."

"ಪಟ್ಟಿ ಇದೆ, ಮಗಳು ಮಾಡಿಟ್ಟಿದ್ದಾಳೆ. ಫೋಟೋನೂ ಇದೆ. ಒಂದಕ್ಕೊಂದು ಜೋಡಿಸಬೇಕಷ್ಟೆ."

"ಹಾಗಾದ್ರೆ ಮಗಳಿಗೇ ಹೇಳಿ. ಈಗಿನವರು ಚಿಟಿಕೆ ಹೊಡೆಯೋದ್ರಲ್ಲಿ ಮಾಡಿಬಿಡ್ತಾರೆ."

ಕನ್ನಡಕದಣ್ಣ ಅವರ ಕನ್ನಡಕವನ್ನು ಮತ್ತೊಮ್ಮೆ ಒರೆಸಿ ಕೈಗೆ ಕೊಟ್ಟ. ಮಗಳು ತೀರಿಕೊಂಡು ಎರಡು ವರ್ಷವಾಗಿತ್ತು.

ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ದುಂಡು ಕನ್ನಡಕವೊಂದನ್ನು ಅವನು ಅವಳ ಮೂಗಿಗೇರಿಸಿದ್ದ. ಅವಳು ಕಣ್ಣು ಪಿಳಿಪಿಳಿ ಬಿಟ್ಟ ರೀತಿಗೆ ಅಂದಿನಿಂದಲೇ ಗೂಬೆಮರಿ ಎಂಬ ಹೆಸರು ಅಂಟಿತು. "ಹೆತ್ತ ಮಗೀನ ಗೂಬೆ ಅಂತೀರಲ್ರೀ, ನಾಲಿಗೆ ಮೇಲೆ ಹಿಡಿತ ಬೇಡ್ವಾ?" ಎಂದು ಹೆಂಡತಿ ಜಗಳಕ್ಕೆ ಬಂದಿದ್ದಳು. ಹೆಂಡತಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಬೀದಿಗೆಲ್ಲ ನರ್ಸಮ್ಮ. ಸ್ವಲ್ಪ ದಿನ ಕಳೆದ ಮೇಲೆ ಅವಳೂ "ಗೂಬೆಮರಿ, ಊಟಕ್ಕೆ ಬಾರೇ" ಎಂದು ಕೂಗತೊಡಗಿದಳು.

ಮೇಜಿನ ಮೇಲಿಟ್ಟ ಕನ್ನಡಕಕ್ಕೆ ಜೀವವಿಲ್ಲ, ಮುಖದ ಮೇಲೇರಿದರೇ ಅದರ ಅಂದ ಗೊತ್ತಾಗುವುದು ಎಂದು ಕನ್ನಡಕದಣ್ಣ ನಂಬಿದ್ದ. ಹಾಗಾಗಿ ಹೊಸದಾಗಿ ಏನೇ ಸಿಕ್ಕಲಿ, ಮನೆಗೆ ತಂದು, ತೊಳೆದು, ಮಗಳ ಮುಖಕ್ಕೆ ಹಾಕಿ ಕಿಟಕಿಯ ಪಕ್ಕ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. ಅವಳು ಸುಮ್ಮನೆ ನಿಂತವಳೇ ಅಲ್ಲ. ಒಂದಕ್ಕೆ ತುಟಿ ಬಿಗಿದು ಹೆಡ್‌ಮಾಸ್ತರಾಗುವಳು, ಇನ್ನೊಂದಕ್ಕೆ ಗದ್ದ ಎತ್ತಿ ನ್ಯಾಯಾಧೀಶೆ. ಮಗಳು ಬೆಳೆದಂತೆ ಫೋಟೋಗಳೂ ಬೆಳೆದವು. ಕಾಲೇಜಿಗೆ ಹೋದ ಮೇಲೆ ಅವಳೇ ಕಂಪ್ಯೂಟರಿನಲ್ಲಿ ಎಕ್ಸೆಲ್ ಶೀಟು ಮಾಡಿದಳು. ಒಂದು ಕನ್ನಡಕಕ್ಕೆ ಒಂದು ಸಾಲು. ಫ್ರೇಮು ಯಾವುದರದ್ದು, ಗಾಜು ಎಂಥದ್ದು, ಎಲ್ಲಿ ಸಿಕ್ಕಿತು, ಕೊನೆಯಲ್ಲಿ ಫೋಟೋ. ಫೋಟೋದ ಚೌಕವನ್ನು ಒತ್ತಿದರೆ ಆ ಫೋಟೋ ತೆರೆದುಕೊಳ್ಳಬೇಕು. ಮೊದಲ ಒಂದಷ್ಟು ಸಾಲುಗಳಿಗೆ ಲಿಂಕ್ ಹಾಕಿ, "ಉಳಿದದ್ದು ಪರೀಕ್ಷೆ ಮುಗಿದ ಮೇಲೆ ಅಪ್ಪ" ಎಂದಿದ್ದಳು.

ಪರೀಕ್ಷೆಗೆ ಮೊದಲೇ ಜ್ವರ ಬಂತು. ಮಿದುಳಿನ ಪೊರೆಗೆ ಸೋಂಕು ಹತ್ತಿದೆ ಎಂದು ಡಾಕ್ಟರು ಹೇಳುವಷ್ಟರಲ್ಲಿ ಅವಳಿಗೆ ಪ್ರಜ್ಞೆ ಇರಲಿಲ್ಲ.

ಆಮೇಲೆ ಬೀರು, ಕಂಪ್ಯೂಟರು ಇದ್ದ ಆ ಕೋಣೆಗೆ ನರ್ಸಮ್ಮ ಕಾಲಿಡಲಿಲ್ಲ. ಗುಡಿಸುವುದೂ ಕನ್ನಡಕದಣ್ಣನ ಪಾಲಿಗೇ ಬಂತು. ಸಂಗ್ರಹಾಲಯದ ವಿಷಯ ಹೇಳಿದಾಗ, "ಕೊಡಿ. ಆದರೆ ಆ ಫೋಟೋಗಳನ್ನ ನನ್ನ ಕಣ್ಣಿಗೆ ಬೀಳಿಸಬೇಡಿ" ಎಂದಷ್ಟೇ ಹೇಳಿ ಡ್ಯೂಟಿಗೆ ಹೋದಳು.

ಲಿಂಕ್ ಹಾಕುವುದನ್ನು ಹೇಳಿಕೊಡಲು ನರ್ಸಮ್ಮನ ತಮ್ಮ ಬಂದ. ಯಾವುದೋ ಕಂಪನಿಯಲ್ಲಿ ಲೆಕ್ಕ ಬರೆಯುವವನು. ಮಗಳಿಗೆ ಅಚ್ಚುಮೆಚ್ಚಿನ ಮಾವ.

"ಇಲ್ಲಿ ನೋಡಿ ಭಾವ, ಈ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ. ಕೆಳಗಡೆ ಲಿಂಕ್ ಅಂತ ಬರುತ್ತೆ. ಒತ್ತಿ. ಈಗ ಫೋಲ್ಡರ್‌ಗೆ ಹೋಗಿ ಫೋಟೋ ಆರಿಸ್ಕೊಳ್ಳಿ."

"ಯಾವ ಫೋಟೋ ಅಂತ ಹೇಗೆ ಗೊತ್ತಾಗೋದು? ಎಲ್ಲಕ್ಕೂ ಬರೀ ನಂಬರ್ ಇದೆಯಲ್ಲಪ್ಪ."

"ಒಂದೊಂದಾಗಿ ತೆರೆದು ನೋಡಬೇಕು ಭಾವ. ಬೇರೆ ದಾರಿ ಇಲ್ಲ." ಭಾವಮೈದ ಒಂದು ಫೋಟೋ ತೆರೆದ. ಮುಂದಿನ ಹಲ್ಲಿಲ್ಲದ ಗೂಬೆಮರಿ, ಕೆನ್ನೆ ತನಕ ಇಳಿದ ಕನ್ನಡಕದಲ್ಲಿ, ಬಾಯ್ತುಂಬ ನಗುತ್ತಿದ್ದಳು. ಅವನು ತಟಕ್ಕನೆ ಎದ್ದು, ಬೈಕು ಬಿಸಿಲಲ್ಲಿ ನಿಂತಿದೆ ಎಂದು ಏನೋ ನೆಪ ಹೇಳಿ ಹೊರಟುಹೋದ.

ಮಧ್ಯಾಹ್ನ ಗಿರಾಕಿ ಕಡಿಮೆ. ಅಂಗಡಿಯ ಬಾಗಿಲು ಅರ್ಧ ಎಳೆದು ಕನ್ನಡಕದಣ್ಣ ಮೇಲೆ ಬಂದು ಕೂರತೊಡಗಿದ. ಒಂದು ಸಾಲು ಓದುವುದು, ಬೀರುವಿನಿಂದ ಆ ಕನ್ನಡಕ ತೆಗೆದು ಪಕ್ಕದಲ್ಲಿಡುವುದು, ಅದನ್ನು ಹಾಕಿಕೊಂಡ ಮಗಳನ್ನು ಹುಡುಕುವುದು. ಮೊದಮೊದಲು ಫ್ರೇಮನ್ನೇ ನೋಡಬೇಕು, ಮುಖ ನೋಡಬಾರದು ಎಂದು ಹಟ ಹಿಡಿದ. ಅದು ಆಗುವ ಮಾತಲ್ಲ. ಒಂದು ದಿನವೆಲ್ಲ ಕೂತರೂ ಎರಡು ಮೂರು ಸಾಲು ದಾಟುತ್ತಿರಲಿಲ್ಲ.

ಕೆಲಸ ನಿಂತದ್ದು ಎರಡು ಚಿನ್ನದ ಬಣ್ಣದ ಕನ್ನಡಕಗಳಲ್ಲಿ. ಎರಡೂ ಅವಳಿಜವಳಿಗಳಂತಿದ್ದವು. ಕೀಲಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ, ಫೋಟೋದಲ್ಲಿ ಅದು ಕಾಣದು. ಒಂದು ಫೋಟೋದಲ್ಲಿ ಮಗಳಿಗೆ ಎರಡು ಜಡೆ, ಇನ್ನೊಂದರಲ್ಲಿ ಕತ್ತರಿಸಿದ ಕೂದಲು. ಯಾವುದು ಮೊದಲು ಬಂದದ್ದು ಎಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಅಂದು ನರ್ಸಮ್ಮನಿಗೆ ರಜೆ. ಅವನು ಬಾಗಿಲಿಗೆ ಬಂದು, ಫೋಟೋ ತೋರಿಸದೆ, ಬಾಯಲ್ಲೇ ಕೇಳಿದ.

"ಲೇ, ಗೂಬೆಮರಿ ಕೂದಲು ಕತ್ತರಿಸಿಕೊಂಡಿದ್ದು ಯಾವಾಗ?"

ಬಟ್ಟೆ ಮಡಿಸುತ್ತಿದ್ದವಳ ಕೈ ನಿಂತಿತು. ಎರಡು ವರ್ಷದಲ್ಲಿ ಆ ಹೆಸರು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ.

"ಯಾಕೆ?"

"ಎರಡು ಚಿನ್ನದ ಕನ್ನಡಕ ಇದೆ. ಯಾವ ಫೋಟೋ ಯಾವುದರದ್ದು ಗೊತ್ತಾಗ್ತಿಲ್ಲ."

 ಅವಳು ಎದ್ದು ಬಂದು, ಹೊಸಿಲಲ್ಲಿ ಒಂದು ಕ್ಷಣ ನಿಂತು, ಒಳಗೆ ಬಂದಳು. ಪರದೆಯನ್ನು ನೋಡಿದಳು.

"ಜಡೆ ಇರೋದು ಹರಾಜಿಂದ ತಂದಿದ್ದು. ಆ ದಿನ ನೀವು ಛತ್ರಿ ಬಸ್ಸಲ್ಲಿ ಬಿಟ್ಟು ಬಂದ್ರಿ. ಛತ್ರಿ ಕೊಟ್ಟು ಕನ್ನಡಕ ತಂದಿದ್ದಾರೆ ಅಪ್ಪ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಳು." ಅವಳು ಕುರ್ಚಿ ಎಳೆದುಕೊಂಡಳು. "ಮುಂದಿನದು ತೋರಿಸಿ."

ಅಲ್ಲಿಂದ ಮುಂದೆ ರಜೆ ಸಿಕ್ಕಾಗಲೆಲ್ಲ ಇಬ್ಬರೂ ಕೂತರು. ಕನ್ನಡಕದ ಚರಿತ್ರೆ ಅವನ ತಲೆಯಲ್ಲಿತ್ತು, ಮಗಳದ್ದು ಅವಳ ತಲೆಯಲ್ಲಿ. ಈ ಅಂಗಿ ಯಾರು ಕೊಟ್ಟದ್ದು, ಹಣೆಯ ಮೇಲಿನ ಗಾಯ ಹೇಗಾಯಿತು, ಯಾವ ಫೋಟೋ ತೆಗೆಯುವಾಗ ಅತ್ತಿದ್ದಳು, ನರ್ಸಮ್ಮನಿಗೆ ಎಲ್ಲವೂ ನೆನಪಿತ್ತು. ಒಂದೆರಡು ಸಲ ನಗೂ ಬಂತು. ನಕ್ಕ ಮೇಲೆ ಇಬ್ಬರೂ ತಪ್ಪು ಮಾಡಿದವರಂತೆ ಅವಸರದಲ್ಲಿ ಮುಂದಿನ ಸಾಲಿಗೆ ಹೋಗುತ್ತಿದ್ದರು.

ಉಳಿದದ್ದು ಒಂದೇ ಸಾಲು. ಎಂಜಿನ್ನಿನವರ ಕಪ್ಪು ಕನ್ನಡಕ.

"ಇದಕ್ಕೆ ಫೋಟೋ ಇಲ್ವಾ?" ಎಂದಳು ನರ್ಸಮ್ಮ.

"ಇದೆ." ಅವನು ಮೌಸಿನಿಂದ ಕೈ ತೆಗೆದ. "ನೀನು ನೋಡಬೇಡ."

ಅವಳೇ ಒತ್ತಿದಳು. ಮಂಚದ ಮೇಲೆ ದಿಂಬಿಗೆ ಒರಗಿದ ಮಗಳು, ಕತ್ತಿನ ತನಕ ಹೊದಿಕೆ, ಮುಖದಲ್ಲಿ ಕಪ್ಪು ಕನ್ನಡಕ, ನಗಲೆಂದು ಅರ್ಧ ಎತ್ತಿದ ತುಟಿ.

ಅದು ಯಾವ ದಿನದ್ದು ಎಂದು ಇಬ್ಬರಿಗೂ ಗೊತ್ತಿತ್ತು. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಬೆಳಿಗ್ಗೆ ಅವಳು ಅಮ್ಮನಿಗೆ ಫೋನು ಮಾಡಿದ್ದಳು. ವಾರ್ಡಿನಲ್ಲಿ ಇಬ್ಬರಿಗೆ ಹೆರಿಗೆ ನೋವು. "ಪರೀಕ್ಷೆಗೆ ಓದಿ ಓದಿ ಕಣ್ಣು ಸೋತಿದೆ, ಮಾತ್ರೆ ನುಂಗಿ ಕಪ್ಪು ಕನ್ನಡಕ ಹಾಕ್ಕೊಂಡು ಮಲಗು, ಡ್ಯೂಟಿ ಮುಗಿಸಿ ಬರ್ತೀನಿ" ಎಂದು ಇವಳು ಹೇಳಿದ್ದಳು. ಅಪ್ಪ ಬೀರುವಿನಿಂದ ತೆಗೆದುಕೊಟ್ಟಿದ್ದ. ಹೇಗೂ ಇದಕ್ಕಿನ್ನೂ ಫೋಟೋ ಇಲ್ಲವಲ್ಲ ಎಂದು ಮಲಗಿದ್ದವಳದ್ದೇ ಒಂದು ತೆಗೆದಿದ್ದ.

"ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೀನಿ ನಾನು," ಎಂದಳು ನರ್ಸಮ್ಮ, ಪರದೆಯಿಂದ ಕಣ್ಣು ತೆಗೆಯದೆ. "ಜ್ವರದ ಜೊತೆ ಬೆಳಕು ತಡೆಯಕ್ಕಾಗ್ತಿಲ್ಲ ಅಂದ್ರೆ ಒಂದು ನಿಮಿಷ ಕಾಯಬೇಡಿ ಅಂತ."

"ಅವಳು ಜ್ವರ ಅಂತ ಹೇಳಿರಲಿಲ್ಲ ಕಣೇ."

"ನಾನು ಕೇಳಲಿಲ್ಲ."

 ಅವನು ಅವಳ ಹೆಗಲ ಮೇಲೆ ಕೈಯಿಟ್ಟ. ಅವಳು ಆ ಕೈಯನ್ನು ತಳ್ಳಲೂ ಇಲ್ಲ, ಹಿಡಿಯಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹಾಕಿ, ಅದನ್ನೂ ಜೋಡಿಸಿ" ಎಂದಳು.

ಶೀಟನ್ನು ಭಾವಮೈದನೇ ಸಂಗ್ರಹಾಲಯಕ್ಕೆ ಮೇಲ್ ಮಾಡಿದ. ನಾಲ್ಕು ದಿನದಲ್ಲಿ ಮೇಡಂ ಫೋನು ಬಂತು. ಕನ್ನಡಕದಣ್ಣ ಸ್ಪೀಕರ್ ಹಾಕಿದ.

"ಪಟ್ಟಿ ತುಂಬ ಚೆನ್ನಾಗಿದೆ ಸಾರ್. ಆದರೆ ಒಂದು ಫೋಟೋನೂ ತೆರೀತಿಲ್ಲ. ಲಿಂಕ್ ಎಲ್ಲ ನಿಮ್ಮ ಕಂಪ್ಯೂಟರಿಗೇ ಹೋಗ್ತಿದೆ. ಫೋಟೋಗಳು ಇರೋದು ನಿಮ್ಮ ಮನೇಲಲ್ವಾ, ನಮಗೆ ಕಾಣಲ್ಲ. ಅವನ್ನೂ ಕಳಿಸಬೇಕಾಗುತ್ತೆ. ಮಗಳಿಗೆ ಹೇಳಿದ್ರೆ ಅವರಿಗೆ ಗೊತ್ತಾಗುತ್ತೆ."

ನರ್ಸಮ್ಮ ಫೋನು ತೆಗೆದುಕೊಂಡಳು. "ಅವಳಿಲ್ಲ ಮೇಡಂ. ಹೋಗಿ ಎರಡು ವರ್ಷ ಆಯ್ತು. ಆ ಫೋಟೋಗಳಲ್ಲಿ ಇರೋದೆಲ್ಲ ಅವಳೇ."

 ಮೇಡಂ ಮೆಲ್ಲಗೆ, "ಗೊತ್ತಿರಲಿಲ್ಲಮ್ಮ. ನಿಮಗೆ ಹೇಗೆ ಅನಿಸುತ್ತೋ ಹಾಗೆ ಮಾಡಿ. ಬೇಡ ಅಂದ್ರೆ ನಾವೇ ಬಂದು ಬೇರೆ ತೆಗೀತೀವಿ" ಎಂದರು.

ಕನ್ನಡಕದಣ್ಣನಿಗೆ ಕಳಿಸುವ ಆಸೆ. "ಕಳಿಸೋಣ ಕಣೇ. ಅಲ್ಲಿದ್ರೆ ನಾಲ್ಕು ಜನ ಅವಳನ್ನ ನೋಡ್ತಾರೆ. ಇಲ್ಲಿ ಇರೋದು ನಾವಿಬ್ಬರೇ."

"ನಾಲ್ಕು ಜನ ನೋಡೋದು ಕನ್ನಡಕಾನ. ನನ್ನ ಮಗಳ ಮುಖದ ಕೆಳಗೆ ಉದ್ದ ಇಷ್ಟು, ಅಗಲ ಇಷ್ಟು ಅಂತ ಯಾರೂ ಬರೆಯೋದು ಬೇಡ."

ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಮೇಡಂಗೆ ಫೋನು ಮಾಡಿ, ನೀವೇ ಬನ್ನಿ ಎಂದ.

ಅವರು ಬೂದು ಬಣ್ಣದ ಬಟ್ಟೆ, ಎರಡು ದೀಪ, ದೊಡ್ಡ ಕ್ಯಾಮೆರಾ ತಂದರು. ಒಂದೊಂದೇ ಕನ್ನಡಕವನ್ನು ಬಟ್ಟೆಯ ಮೇಲಿಟ್ಟು ಫೋಟೋ ತೆಗೆದು, ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಜೋಡಿಸಿದರು. ಕಪ್ಪು ಕನ್ನಡಕದ ಸರದಿ ಬಂದಾಗ ಕನ್ನಡಕದಣ್ಣ, "ಅದೊಂದು ಇರಲಿ" ಎನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ನರ್ಸಮ್ಮ ಅದನ್ನೆತ್ತಿಕೊಂಡು, ತನ್ನ ಸೆರಗಿನಿಂದ ಎರಡೂ ಗಾಜು ಒರೆಸಿ, ಮೇಡಂ ಕೈಗೆ ಕೊಟ್ಟುಬಿಟ್ಟಳು. "ಇದು ಈ ಮನೇಲಿ ಬೇಡ" ಎಂದಳು.

ಮಧ್ಯಾಹ್ನದೊಳಗೆ ಬೀರು ಖಾಲಿಯಾಯಿತು. ಗಾಡಿ ಹೋದ ಮೇಲೆ ಕನ್ನಡಕದಣ್ಣ ಅಂಗಡಿಗೆ ಇಳಿದ. ಬಾಗಿಲು ಪೂರ್ತಿ ತೆರೆದು, ಮೇಜು ಒರೆಸಿ ಕೂತ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಮೇಲಿನ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಕಂಪ್ಯೂಟರು ಹೊತ್ತಿಕೊಂಡಾಗ ಬರುವ ಸಣ್ಣ ರಾಗ ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಹೆಂಡತಿ ನಕ್ಕಂತಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ, ಎರಡು ವರ್ಷದಿಂದ ಅವನು ಒಮ್ಮೆಯೂ ಕೇಳಿರದ ದನಿಯೊಂದು ಮೆಟ್ಟಿಲಿಳಿದು ಬಂತು. ಮಗಳು ಸತ್ತ ದಿನ ಕೂಡ ಅವಳು ಬಾಯಿ ಬಿಟ್ಟು ಅತ್ತಿರಲಿಲ್ಲ.

ಅಳು ಕೇಳಿ ಎದುರಿನ ಅಂಗಡಿಯವನು ತಲೆಯೆತ್ತಿ ಇತ್ತ ನೋಡಿದ. ಕನ್ನಡಕದಣ್ಣ ಎದ್ದು, ಗಾಜು ಉಜ್ಜುವ ಯಂತ್ರದ ಸ್ವಿಚ್ಚು ಹಾಕಿದ. ಕಲ್ಲು ಗರ್ರೆಂದು ತಿರುಗತೊಡಗಿತು. ಉಜ್ಜಲು ಯಾವ ಗಾಜೂ ಇರಲಿಲ್ಲ. ಮೇಲೆ ಅವಳಿಗೆ ಸಾಕೆನಿಸುವ ತನಕ ಅವನು ಅದರ ಮುಂದೆ ನಿಂತೇ ಇದ್ದ.