ರತ್ನಿ ಬೆನ್ನು, ನನ್ ಕಾಲು, ಪ್ರೇಮನ್ ಕೂಸು

ಮಾದಪ್ಪನ ಬೆಟ್ಟದ ಕಡೀಕೇ ಮೊಕ ಮಾಡ್ಕಂಡು ಯೋಳ್ತೀನಿ ಕೇಳ್ಲಾ ಮಾದೇವು, ಇದ್ರಲ್ಲಿ ಒಂದ್ ಮಾತು ಸುಳ್ಳಾದ್ರೆ ನನ್ ಕರಣೆ ತುಕ್ಕಿಡ್ದೋಗ್ಲಿ. ಗಾರೆ ಕೆಲ್ಸದೋನು ನಾನು, ಅದ್ಕಿಂತ ದೊಡ್ ಆಣೆ ನಂಗೊತ್ತಿಲ್ಲ.

ಓದ್ ವರ್ಸ ನನ್ನೆಂಡ್ತಿ ಶಿವರತ್ನಿ ನೀರಿನ್ ಕೊಳಗ ಎತ್ತಕೋಗಿ ಬೆನ್ನುಮೂಳೆ ಮುರ್ಕಂಡ್ಲಲ್ಲ, ಮೈಸೂರಲ್ಲಿ ಸೂಜೀಲಿ ಸಿಮೆಂಟ್ ತುಂಬುದ್ರು. ಊಂ ಕನ್ಲಾ, ಮೂಳೆಗೇ! ಧನಗೆರೇಲಿ ಅರ್ಧ ಊರ್ಗೆ ಗೋಡೆ ಕಟ್ಟಿವ್ನಿ, ನನ್ನೆಂಡ್ತಿ ಬೆನ್ನಿಗೆ ಮಾತ್ರ ಬೇರೆ ಮೇಸ್ತ್ರಿ ಬೇಕಾಯ್ತು ನೋಡು. ಅದೆಂಗ್ ಸೆಟ್ಟಾಯ್ತು ಅಂದ್ರೆ, ಒಂದಿನ ಮರದಿಂದ ತೆಂಗಿನಕಾಯಿ ಅವಳ ಬೆನ್ ಮೇಲೆ ಬಿದ್ದು ಕಾಯೇ ಎರಡೋಳಾಯ್ತು. ಚಟ್ನಿ ಅರ್ಕಂಡ್ವಿ.

ಡಾಕ್ಟ್ರು ಅವತ್ತೇ ಅಂದಿದ್ರು: "ಪುಟ್ಟಮಲ್ಲಪ್ಪ, ಸಿಮೆಂಟ್ ಹಾಕಿರೋ ಮೂಳೆ ಗಟ್ಟಿ. ಅದರ ಮೇಲಿಂದು ಕೆಳಗಿಂದು ಪುರಿ ಥರ ಟೊಳ್ಳಾಗಿವೆ. ಬಗ್ಗಿದ್ರೆ, ಭಾರ ಎತ್ತಿದ್ರೆ, ಮಾತ್ರೆ ಬಿಟ್ರೆ ಅವೂ ಮುರೀತವೆ."

ರತ್ನಿ ಕೇಳಿದ್ದು ಒಂದೇ: "ನಾಳೆ ಮೊಮ್ಮಗು ಉಟ್ಟುದ್ರೆ ನೀರುಯ್ಬೋದಾ ಸಾ?"

"ಬೇಡಮ್ಮ."

ನಿಂಗೊತ್ತಲ್ಲ, ಅಜ್ಜಿ ಅಂದ್ಮೇಲೆ ಮಣೆ ಮೇಲೆ ಕೂತು ಕಾಲ್ ನೀಡ್ಕಂಡು, ಕಾಲ್ ಮೇಲೆ ಕೂಸ್ನ ಮಲಗುಸ್ಕಂಡು, ಬಗ್ಗಿ ಬಗ್ಗಿ ಎಣ್ಣೆ ತಿಕ್ಕಿ ನೀರುಯ್ಬೇಕು. ಮಗಳು ಪ್ರೇಮನ್ ಮದ್ವೆ ಆದಾಗ್ಲಿಂದ ಇವಳು ಅದ್ಕೇ ಕಾಯ್ತಿದ್ಲು. ಪ್ರೇಮನ್ ಎರ್ಗೆ ನಮ್ಮನೇಲೇ ಆಯ್ತು. ನೀರುಯ್ಯಕೆ ಪಕ್ಕದ್ಮನೆ ಚಿಕ್ಕನಿಂಗಮ್ಮ ಬತ್ತಿದ್ಲು. ರತ್ನಿ ಬಚ್ಚಲ ಬಾಕ್ಲಲ್ಲಿ ನಿಂತ್ಕಂಡು, ಬರೀ ಕೈಯಲ್ಲೇ ಗಾಳೀಗೆ ಎಣ್ಣೆ ತಿಕ್ತಿದ್ಲು ಕನಪ್ಪಾ.

ಒಂದಿನ ನಾನು ಕೊಳ್ಳೇಗಾಲಕ್ಕೋಗಿದ್ದೆ. ಚಿಕ್ಕನಿಂಗಮ್ಮ ಬರ್ನಿಲ್ಲ. ಪ್ರೇಮ ಮಲಗಿದ್ಲು, ಕೂಸು ಅಳ್ತಿತ್ತು. ರತ್ನಿ ಮಣೆ ಆಕ್ಕಂಡು ಕೂತೇಬುಟ್ಲು.

ನಾನ್ ಬರೋವೊತ್ಗೆ ಕೂಸು ಸಾಂಬ್ರಾಣಿ ವಾಸ್ನೇಲಿ ನಿದ್ದೆ ಒಡೀತಾ ಅದೆ, ಇವಳು ಗೋಡೆಗೊರಗಿ ಬಿಳಿಚ್ಕಂಡವ್ಳೆ.

"ಮುರೀತಾ?" ಅಂದೆ.

"ಎತ್ಕೊಂಡೇಳೋವಾಗ ಲಟಕ್ ಅಂತು. ಆದ್ರೆ ಏನ್ ಮೈ ಅಂತೀರಿ, ಬೆಣ್ಣೆ ಕನ್ರೀ!"

ಸಿಮೆಂಟಿನ್ ಮೇಲ್ಗಡೆ ಮೂಳೆ ಓಗಿತ್ತು. ಇನ್ನೊಂದ್ಸಲ ಬಗ್ಗುದ್ರೆ ಆಸ್ಗೇನೇ ಗತಿ ಅಂದ್ರು ಡಾಕ್ಟ್ರು.

ಅವಳು ಎದ್ದು ನಿಂತ್ಕಳಂಗಾದ್ಮೇಲೆ ನಾನೇನ್ ಮಾಡ್ದೆ ಗೊತ್ತಾ? ಬಚ್ಚಲಲ್ಲಿ ಅವಳ ಸೊಂಟದೆತ್ರಕ್ಕೆ ಕಟ್ಟೆ ಕಟ್ಟಿ, ಮೇಲೆ ನಾನೇ ಕಾಲ್ ನೀಡ್ಕಂಡು ಕೂತೆ. ನನ್ ಕಾಲ್ ಮೇಲೆ ಕೂಸು. ರತ್ನಿ ನೆಟ್ಗೆ ನಿಂತ್ಕಂಡೇ ತಿಕ್ತಾಳೆ, ಚೊಂಬಲ್ಲಿ ಉಯ್ತಾಳೆ. ನೋಡಕೆ ಒನ್ನೂರು ಕಡೆಯಿಂದೆಲ್ಲ ಆಟೋ ಮಾಡ್ಕಂಡ್ ಬಂದ್ರು.

"ಮಲ್ಲಣ್ಣ, ಬಾಣಂತನ ಯಾರ್ದು, ಮಗಳ್ದಾ ನಿಂದಾ?" ಅಂತಾಳೆ ಚಿಕ್ಕನಿಂಗಮ್ಮ.

ಎಲ್ರೂ ನಗ್ತಾರೆ, ರತ್ನೀನೂ ನಗ್ತಾಳೆ. ಆದ್ರೆ ಅವಳ ಕಣ್ಣು ನನ್ ಕಾಲ್ ಮೇಲೇ. ಕೂಸ್ನ ಪ್ರೇಮ ಎತ್ಕಂಡೋದ್ಮೇಲೆ, ಕೊನೇ ಚೊಂಬು ಬಿಸ್ನೀರ್ನ ತನ್ ಕಾಲಿಗೇ ಉಯ್ಕತಾಳೆ. ನಾನು ಅತ್ಲಾಗೆ ತಿರುಗ್ಕತೀನಿ.

ನಗು ನಗು. ನಾಳೆಯಿಂದ ನಂಗೆ ರಾಮಾಪುರದಲ್ಲಿ ಕೆಲ್ಸ. ರತ್ನಿ ಬೆಳಿಗ್ಗೇನೇ ಬಚ್ಚಲೊಲೆ ಅಚ್ಚಿ ಕಾಯ್ತಿರ್ತಾಳೆ, ಕಟ್ಟೆ ಮೇಲೆ ಯಾರೂ ಇರಲ್ಲ. ಎಲ್ಲಿ, ಆ ಪಂಚೆ ಒಸಿ ಮೇಕ್ಕೆತ್ಲಾ ಮಾದೇವು, ನಿನ್ ಕಾಲ್ ನೋಡವಾ.