ಮೂರನೆಯ ಹೆಸರು

ಬಲಗಾಲು ನೀರಿಗಿಳಿಯಿತು. ಬೆಚ್ಚಗಿತ್ತು. ಹೀಟರ್ ಹಾಕಿದ್ದಾರೆಂದು ತಿಳಿದು ನಿಶ್ಚಲ್‌ಗೆ ಸಣ್ಣ ನಿರಾಸೆಯಾಯಿತು. ತಣ್ಣಗಿದ್ದರೆ ಕಾಲು ಹಿಂದಕ್ಕೆಳೆಯಲು ನೆಪವಾದರೂ ಸಿಗುತ್ತಿತ್ತು.

ಅಮೆರಿಕದ ಫಾರ್ಮರ್ಸ್ ಬ್ರಾಂಚ್ ಊರಿನ ಈ ಚರ್ಚು ಭಾನುವಾರ ಮಧ್ಯಾಹ್ನ ಕನ್ನಡದವರದ್ದು. ತೊಟ್ಟಿಯ ಆಚೆ ಬದಿಯಲ್ಲಿ ಪ್ರಗತಿ ಟವೆಲ್ ಹಿಡಿದು ನಿಂತಿದ್ದಳು. ಧಾರವಾಡದ ಕ್ರೈಸ್ತರ ಮಗಳು. ಇವನ ದೀಕ್ಷಾಸ್ನಾನವಾದರೆ ವೈಟೂಕೆ, ಅಂದರೆ ಎರಡು ಸಾವಿರದ ಇಸವಿ, ಬರುವುದರೊಳಗೆ ಇಲ್ಲೇ ಮದುವೆ. "ಬರೀ ಫಾರ್ಮಾಲಿಟಿ ತಾನೆ," ಎಂದು ಅವನೇ ಒಪ್ಪಿದ್ದ. ಮೈಸೂರಿನಲ್ಲಿ ತೊಡಿಸಿದ ಜನಿವಾರ ಆಸ್ಟಿನ್ನಿನ ಲಾಂಡ್ರಿಯಲ್ಲಿ ಕಳೆದುಹೋದಾಗ ಅವನು ಹುಡುಕಿಯೂ ಇರಲಿಲ್ಲ.

ಆದರೆ ಆಸ್ಟಿನ್ನಿನಲ್ಲಿ ಅವನ ಪಿಎಚ್.ಡಿ. ಹಳೆಯ ಯುರೋಪಿನ ಫ್ರಿಸಿಯಾದ ರಾಜ ರಾಡ್‌ಬಾಡ್‌ನ ಮೇಲೆ. ಸಾವಿರದ ಮುನ್ನೂರು ವರ್ಷಗಳ ಹಿಂದೆ ಆ ಜರ್ಮಾನಿಕ್ ರಾಜ ದೀಕ್ಷೆಯ ತೊಟ್ಟಿಯಲ್ಲಿ ಒಂದು ಕಾಲಿಟ್ಟು ಬಿಷಪ್ಪನನ್ನು ಕೇಳಿದನಂತೆ: ನನ್ನ ಹಿರಿಯರೆಲ್ಲ ಎಲ್ಲಿದ್ದಾರೆ? ನರಕದಲ್ಲಿ, ಎಂದನಂತೆ ಬಿಷಪ್. ಹಾಗಾದರೆ ನಾನೂ ಅಲ್ಲಿಗೇ, ಎಂದು ರಾಜ ಕಾಲು ತೆಗೆದನಂತೆ.

ಧಾರವಾಡದಲ್ಲಿ ರಾಡಿ ಎಂದರೆ ಕೆಸರು. "ನಿನ್ನ ರಾಡಿ ಮಹಾರಾಜ ಕಾಲ್ ತೊಳಕೊಂಡು ಹೋದ, ಅಷ್ಟ," ಎಂದು ಪ್ರಗತಿ ರೇಗಿಸುತ್ತಿದ್ದಳು. ಅವಳು ಹಾಗೆ ನಕ್ಕಾಗಲೆಲ್ಲ ಇವಳನ್ನು ಬಿಟ್ಟು ತನಗೆ ಯಾರೂ ಇಲ್ಲ ಎನ್ನಿಸಿ ಅವನಿಗೆ ಹೆದರಿಕೆಯಾಗುತ್ತಿತ್ತು.

ನೀರಿನಲ್ಲಿ ನಿಂತಿದ್ದ ಭೀಮಸೇನ ಪಾದ್ರಿ ಕೈ ಚಾಚಿದರು. "ಬರ್ರಿ."

"ಒಂದು ಪ್ರಶ್ನೆ," ಎಂದ ನಿಶ್ಚಲ್. ಪ್ರಗತಿಯ ಮುಖ ಸಣ್ಣದಾಯಿತು. "ನಮ್ಮ ಹಿರಿಯರು ಈಗ ಎಲ್ಲಿದಾರೆ?"

ನರಕ ಅನ್ನಲಿ ಎಂದು ಕಾದ. ಅಷ್ಟು ಅಂದರೆ ಸಾಕಿತ್ತು.

"ಅದು ನನಗೇನ್ ಗೊತ್ತರೀ? ದೇವ್ರಿಗೇ ಗೊತ್ತು," ಎಂದರು ಪಾದ್ರಿ. "ಹೆಸರು ಹೇಳ್ರಿ. ಅವರನ್ನ ನೆನಸೇ ಇಳಿಯೂಣಂತ."

ಶ್ರಾದ್ಧದಲ್ಲಿ ಹೇಳುವ ಮೂರು ತಲೆಮಾರು. "ಅಪ್ಪ, ಲಕ್ಷ್ಮೀನಾರಾಯಣ. ತಾತ, ಮಹಾಬಲೇಶ್ವರ."

"ಮುಂದ?"

ಮುಂದಿನದು ಬರಲಿಲ್ಲ. ಪುರೋಹಿತರು ಹೇಳಿಕೊಟ್ಟದ್ದನ್ನು ಗಿಣಿಪಾಠ ಒಪ್ಪಿಸಿದ್ದನಷ್ಟೆ. ಬಾಯಿಗೆ ಬಂದದ್ದು ಆಲ್ಡ್‌ಗಿಸ್ಲ್, ರಾಡ್‌ಬಾಡ್, ಪೊಪ್ಪೊ; ಫ್ರಿಸಿಯಾದ ದೊರೆಗಳು ತಪ್ಪಿಲ್ಲದೆ ಸಾಲಾಗಿ ಬಂದರು. ಕಾಲು ತೆಗೆದು ಯಾರ ಬಳಿಗೆ ಹೋಗಬೇಕೋ ಅವರ ಹೆಸರೇ ಗೊತ್ತಿಲ್ಲ.

"ಸಾವಕಾಶ ನೆನಸ್ಕೋರಿ," ಎಂದರು ಪಾದ್ರಿ.

"ನಿನಗ ಬ್ಯಾಡಂದ್ರ ಬ್ಯಾಡೋ," ಎಂದಳು ಪ್ರಗತಿ ಮೆಲ್ಲಗೆ. ಟವೆಲ್ಲನ್ನು ಮಾತ್ರ ಬಿಚ್ಚಿ ಹಿಡಿದೇ ಇದ್ದಳು.

ಅವನು ಕೆಳಗೆ ನೋಡಿದ. ನೀರಿನೊಳಗಿನ ಪಾದ ಮುರಿದು ಪಕ್ಕಕ್ಕೆ ಸರಿದಂತೆ, ಬೇರೆ ಯಾರದೋ ಎಂಬಂತೆ ಕಂಡಿತು. ಎಡಗಾಲು ಒಣಗಿದ ಮೆಟ್ಟಿಲ ಮೇಲಿತ್ತು.

ಎಲ್ಲೋ ಹೀಟರ್ ಟಕ್ಕೆಂದು ನಿಂತಿತು. ನೀರು ತಣ್ಣಗಾಗತೊಡಗಿತು.